ಯುದ್ಧಕಾಲದ ಗೋಡೆಚಿತ್ರಗಳೂ ರೈತನ ಸಲಿಕೆಯೂ

ಸಹಕಾರ ಸಂಘದ ಕಚೇರಿಯಿರಲಿ, ರೈತ ಸಂಪರ್ಕ ಕೇಂದ್ರವಿರಲಿ, ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲಿನ ಭಿತ್ತಿಪತ್ರಗಳು ಕಣ್ಣಿಗೆ ಬೀಳುತ್ತವೆ. ತೆನೆ ತುಂಬಿದ ಪೈರು, ಅದರ ನಡುವೆ ಪೇಟ ಸುತ್ತಿದ ನಗುಮುಖದ ರೈತ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಮಾತು. ಸರದಿಯಲ್ಲಿ ನಿಂತವರು ಅದನ್ನು ಓದುತ್ತಾರೆ, ಕೆಲಸ ಮುಗಿಸಿಕೊಂಡು ಊರಿಗೆ ಹಿಂದಿರುಗುತ್ತಾರೆ. ಅದರಿಂದ ಹೊಲದಲ್ಲಿ ಏನಾದರೂ ಬದಲಾಯಿತೆ? ಕೆಲವು ಸಲ ಹೌದು. ಬಹಳ ಸಲ ಇಲ್ಲ.

ಗೋಡೆಗೆ ಅಂಟಿಸಿದ ಒಂದು ಕಾಗದ ಯಾವಾಗ ಜನರನ್ನು ಕೆಲಸಕ್ಕೆ ಹಚ್ಚುತ್ತದೆ, ಯಾವಾಗ ಬರೀ ಕಾಗದವಾಗಿಯೇ ಉಳಿಯುತ್ತದೆ ಎಂಬುದನ್ನು ತಿಳಿಯಲು ಯುದ್ಧಕಾಲಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಳೆದ ಶತಮಾನದ ಎರಡು ಮಹಾಯುದ್ಧಗಳಲ್ಲಿ ಸರಕಾರಗಳು ಲಕ್ಷಗಟ್ಟಲೆ ಭಿತ್ತಿಪತ್ರಗಳನ್ನು ಅಚ್ಚು ಹಾಕಿಸಿದವು. ಅವುಗಳಲ್ಲಿ ಬಂದೂಕಿನ ಚಿತ್ರಗಳಂತೆಯೇ ಸಲಿಕೆ, ಆಲೂಗೆಡ್ಡೆ, ರೊಟ್ಟಿಗಳ ಚಿತ್ರಗಳೂ ಇದ್ದವು. ಆ ಕಥೆಯಲ್ಲಿ ರೈತನಿಗೆ ದೊಡ್ಡ ಪಾತ್ರವಿದೆ. ಆದ್ದರಿಂದಲೇ ಅದನ್ನು ಇಲ್ಲಿ ವಿವರಿಸಲಾಗಿದೆ.

ಬೆರಳು ತೋರಿದ ಸೇನಾನಿ

ಮೊದಲನೆಯ ಮಹಾಯುದ್ಧಕ್ಕೆ ಬ್ರಿಟನ್ ಇಳಿದದ್ದು 1914ರ ಆಗಸ್ಟಿನಲ್ಲಿ. ಬ್ರಿಟನ್ನಿನ ಯುದ್ಧಮಂತ್ರಿ ಲಾರ್ಡ್ ಕಿಚನರ್ ದಪ್ಪ ಮೀಸೆಯ ಮುಖದಿಂದ ನೇರವಾಗಿ ನೋಡುತ್ತ, ಬೆರಳು ಚಾಚಿ ಜನರನ್ನು ಸೈನ್ಯಕ್ಕೆ ಕರೆಯುವ ಚಿತ್ರವೊಂದನ್ನು ಆಲ್ಫ್ರೆಡ್ ಲೀಟ್ ಎಂಬ ಕಲಾವಿದ ಬರೆದ. ಆ ಚಿತ್ರ ಇಂದಿಗೂ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಅಮೆರಿಕ 1917ರಲ್ಲಿ ಯುದ್ಧಕ್ಕೆ ಇಳಿದಾಗ ಅದೇ ಮಾದರಿಯಲ್ಲಿ ‘ಅಂಕಲ್ ಸ್ಯಾಮ್’ ಎಂಬ ಗಡ್ಡದ ಅಜ್ಜನ ಚಿತ್ರವನ್ನು ತಯಾರಿಸಿ 40 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಹಂಚಿತು.

ಕಿಚನರನ ಬೆರಳು ಕಂಡು ಬ್ರಿಟನ್ನಿನ ಯುವಕರೆಲ್ಲ ಓಡಿ ಬಂದರು ಎಂದು ಬಹುಕಾಲ ನಂಬಲಾಗಿತ್ತು. ತಾರೀಖುಗಳನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಆ ಚಿತ್ರ ಮೊದಲು ಬಂದದ್ದು ಒಂದು ವಾರಪತ್ರಿಕೆಯ ಮುಖಪುಟದಲ್ಲಿ, 1914ರ ಸೆಪ್ಟೆಂಬರ್ 5ರಂದು. ಒಂದೇ ದಿನದಲ್ಲಿ 33,000ಕ್ಕೂ ಹೆಚ್ಚು ಜನ ಸೈನ್ಯಕ್ಕೆ ಸೇರಿದ್ದು ಅದಕ್ಕೂ ಎರಡು ದಿನ ಮೊದಲು, ಸೆಪ್ಟೆಂಬರ್ 3ರಂದು. ಬೆಲ್ಜಿಯಮ್ಮಿನ ಮಾನ್ಸ್ ಎಂಬಲ್ಲಿ ತಮ್ಮ ಸೈನ್ಯ ಹಿಮ್ಮೆಟ್ಟಿದ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬಂದಿತ್ತು. ಮುಂದೆ ಗೋಡೆ ಗೋಡೆಗಳಲ್ಲಿ ಭಿತ್ತಿಪತ್ರಗಳು ತುಂಬಿದ ಮೇಲೂ ಸೇರುವವರ ಸಂಖ್ಯೆ ಇಳಿಯುತ್ತಲೇ ಹೋಯಿತು. ಕೊನೆಗೆ 1916ರ ಜನವರಿಯಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾಯಿದೆಯನ್ನೇ ತರಬೇಕಾಯಿತು.

ಹದ ಬಂದ ನೆಲದಲ್ಲಿ ಬಿದ್ದ ಬೀಜ ಮೊಳೆಯುತ್ತದೆ. ಒಣನೆಲದಲ್ಲಿ ಬಿದ್ದದ್ದು ಹಕ್ಕಿಯ ಪಾಲು. ಭಿತ್ತಿಪತ್ರದ ಗುಣವೂ ಇಷ್ಟೇ. ಅದು ಬೀಜವೇ ಹೊರತು ಮಳೆಯಲ್ಲ.

‘ನಿಮ್ಮ’ ಧೈರ್ಯ, ‘ನಮಗೆ’ ಗೆಲುವು

ಎರಡನೆಯ ಮಹಾಯುದ್ಧ 1939ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಬ್ರಿಟಿಷ್ ಸರಕಾರ ಜನರ ಧೈರ್ಯ ಕಾಯಲು ಕೂಡಲೇ ಭಿತ್ತಿಪತ್ರಗಳನ್ನು ಅಂಟಿಸಿತು. ಕೆಂಪು ಹಾಳೆ, ಮೇಲೆ ರಾಜನ ಕಿರೀಟ, ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢನಿಶ್ಚಯ ನಮಗೆ ಗೆಲುವು ತರುತ್ತದೆ ಎಂಬ ಅರ್ಥದ ಮಾತು.

ಓದಿದ ಜನಕ್ಕೆ ಇದು ಹಿಡಿಸಲಿಲ್ಲ. ಕಷ್ಟಪಡಬೇಕಾದವರು ‘ನೀವು’, ಗೆಲ್ಲುವವರು ‘ನಾವು’ ಎಂದಂತಾಯಿತಲ್ಲ ಎಂದು ಅವರು ಗೊಣಗಿದರು. ದುಡಿಯುವ ಎತ್ತು ಒಂದು, ಮೇಯುವ ಎತ್ತು ಇನ್ನೊಂದು ಎಂಬ ಭಾವನೆ ಬಂದಿತು. ಆಳುವವರು ಮೇಲೆ ನಿಂತು ಮಾತನಾಡುತ್ತಿದ್ದಾರೆಂಬುದನ್ನು ಜನ ಒಂದೇ ಪದದಲ್ಲಿ ಗುರುತಿಸಿದರು.

ಇದೇ ಮಾಲೆಯಲ್ಲಿ, ಶಾಂತರಾಗಿದ್ದು ಕೆಲಸ ಮುಂದುವರಿಸಿ ಎಂಬ ಅರ್ಥದ ಇನ್ನೊಂದು ಭಿತ್ತಿಪತ್ರವೂ ಇತ್ತು. ಭಾರಿ ಬಾಂಬ್ ದಾಳಿ ನಡೆದಾಗ ಅಂಟಿಸಲೆಂದು ಸುಮಾರು 24 ಲಕ್ಷ ಪ್ರತಿಗಳನ್ನು ಅಚ್ಚು ಮಾಡಿ ಉಗ್ರಾಣದಲ್ಲಿಡಲಾಗಿತ್ತು. ಮೊದಲನೆಯದಕ್ಕೆ ಬಂದ ಟೀಕೆಯ ನಂತರ ಅದನ್ನು ಹೊರತೆಗೆಯುವ ಧೈರ್ಯವಾಗಲಿಲ್ಲ. 1940ರಲ್ಲಿ ಬಹುಪಾಲು ಪ್ರತಿಗಳು ಕಾಗದದ ತಿರುಳಾದವು. 2000ದಲ್ಲಿ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿ, ಈಗ ಅದೇ ಮಾತು ಚಹಾ ಬಟ್ಟಲುಗಳ ಮೇಲೆಲ್ಲ ಅಚ್ಚಾಗಿದೆ. ಯುದ್ಧಕಾಲದಲ್ಲಿ ಅದನ್ನು ಕಂಡವರೇ ವಿರಳ!

ಎರಡೂವರೆ ಗುಂಟೆಯ ಯುದ್ಧ

ಸರಕಾರದ ಮುಂದೆ ಇನ್ನೂ ಗಂಭೀರವಾದ ಪ್ರಶ್ನೆ ಇತ್ತು. ಬ್ರಿಟನ್ ತನ್ನ ಅನ್ನಕ್ಕೆ ಹಡಗುಗಳನ್ನು ನಂಬಿದ ದೇಶ. ಯುದ್ಧಕ್ಕೆ ಮುಂಚೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಆಹಾರ ಪದಾರ್ಥ ಹೊರಗಿನಿಂದ ಬರುತ್ತಿತ್ತು. ಧಾನ್ಯದಲ್ಲಿ ನೂರಕ್ಕೆ 70 ಪಾಲು ಪರದೇಶದ್ದು. ಜರ್ಮನಿಯ ಜಲಾಂತರ್ಗಾಮಿಗಳು ಈ ಹಡಗುಗಳನ್ನು ಮುಳುಗಿಸತೊಡಗಿದರೆ ದೇಶ ಹಸಿವಿನಿಂದಲೇ ಸೋಲುವ ಅಪಾಯವಿತ್ತು. 1940ರ ಜನವರಿಯಲ್ಲಿ ಸಕ್ಕರೆ, ಬೆಣ್ಣೆ, ಹಂದಿಮಾಂಸಗಳಿಗೆ ಪಡಿತರ ಜಾರಿಗೆ ಬಂದಿತು. ಈರುಳ್ಳಿ ಬಹುಪಾಲು ಹೊರಗಿನಿಂದಲೇ ಬರುತ್ತಿದ್ದುದರಿಂದ ಅದು ಎಷ್ಟು ದುರ್ಲಭವಾಯಿತೆಂದರೆ, ಕಚೇರಿಗಳಲ್ಲಿ ಒಂದು ಈರುಳ್ಳಿಯನ್ನು ಬಹುಮಾನವಾಗಿಟ್ಟು ಚೀಟಿ ಎತ್ತಿದ ಉದಾಹರಣೆಗಳಿವೆ.

ಆಗ ಹುಟ್ಟಿದ ಘೋಷಣೆಯೇ ‘ಗೆಲುವಿಗಾಗಿ ಅಗೆಯಿರಿ’. ಕೃಷಿ ಮಂತ್ರಿ ರೆಜಿನಾಲ್ಡ್ ಡಾರ್ಮನ್ ಸ್ಮಿತ್ 1939ರ ಅಕ್ಟೋಬರಿನಲ್ಲಿ ರೇಡಿಯೋ ಮೂಲಕ ಈ ಕರೆ ಕೊಟ್ಟರು. ಇದರ ಅತ್ಯಂತ ಪ್ರಸಿದ್ಧ ಭಿತ್ತಿಪತ್ರದಲ್ಲಿ ಮಂತ್ರಿಯ ಮುಖವಿಲ್ಲ, ಕಿರೀಟವಿಲ್ಲ. ಬೂಟು ಹಾಕಿದ ಒಂದು ಕಾಲು ಸಲಿಕೆಯನ್ನು ಮಣ್ಣಿಗೆ ಒತ್ತುತ್ತಿದೆ, ಅಷ್ಟೆ. ಆ ಕಾಲು ಯಾರದಾದರೂ ಆಗಬಹುದು. ಏಬ್ರಮ್ ಗೇಮ್ಸ್ ಎಂಬ ಕಲಾವಿದ 1942ರಲ್ಲಿ ಸಲಿಕೆಯನ್ನೂ ಹಡಗನ್ನೂ ಒಂದೇ ಚಿತ್ರದಲ್ಲಿ ಜೋಡಿಸಿ, ಹಡಗಿನ ಬದಲು ಸಲಿಕೆ ಬಳಸಿ ಎಂದು ತೋರಿಸಿದ. ಮನೆಯ ಹಿತ್ತಲಲ್ಲಿ ಬೆಳೆದ ಒಂದು ಮಣ ಆಲೂಗೆಡ್ಡೆ ಹಡಗಿನಲ್ಲಿ ಒಂದು ಮಣ ಜಾಗ ಉಳಿಸುತ್ತದೆ ಎಂಬ ಲೆಕ್ಕವನ್ನು ಓದಲು ಬಾರದವನೂ ಆ ಚಿತ್ರದಿಂದ ತಿಳಿಯಬಹುದಿತ್ತು.

ಈ ಭಿತ್ತಿಪತ್ರಗಳು ಒಂಟಿಯಾಗಿ ಬರಲಿಲ್ಲ ಎಂಬುದು ಮುಖ್ಯ. ಅವುಗಳ ಬೆನ್ನಿಗೇ ಸಣ್ಣ ಕರಪತ್ರಗಳು ಬಂದವು. ಮೊದಲ ಕರಪತ್ರದಲ್ಲಿ 90 ಅಡಿ ಉದ್ದ, 30 ಅಡಿ ಅಗಲದ ತುಂಡು ಭೂಮಿಯ ನಕ್ಷೆ ಇತ್ತು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಎರಡೂವರೆ ಗುಂಟೆ. ಅದರಲ್ಲಿ ಯಾವ ಸಾಲಿಗೆ ಯಾವ ತರಕಾರಿ, ಯಾವ ತಿಂಗಳು ಬಿತ್ತನೆ, ಮುಂದಿನ ವರ್ಷ ಬೆಳೆ ಹೇಗೆ ಬದಲಿಸಬೇಕು ಎಂಬುದನ್ನು ವಿವರಿಸಲಾಗಿತ್ತು. ಕಾಂಪೋಸ್ಟ್ ಗೊಬ್ಬರ, ಬೀಜ ಕಾಪಾಡುವುದು, ಆಲೂಗೆಡ್ಡೆಯ ಅಂಗಮಾರಿ ರೋಗ ಮೊದಲಾದ ವಿಷಯಗಳ ಮೇಲೂ ಕರಪತ್ರಗಳು ಬಂದವು. ಉಳುಮೆ ಕಂಡರಿಯದ ಪಟ್ಟಣದ ಗುಮಾಸ್ತನೂ ಅದನ್ನು ಹಿಡಿದು ಬಿತ್ತಬಹುದಿತ್ತು.

ಪಟ್ಟಣಗಳಲ್ಲಿ ಜಾಗವಿಲ್ಲದವರಿಗೆ ಸ್ಥಳೀಯ ಸಂಸ್ಥೆಗಳು ತುಂಡು ಭೂಮಿಯನ್ನು ಅಲ್ಪ ಗೇಣಿಗೆ ಕೊಡುವ ಪದ್ಧತಿ ಅಲ್ಲಿ ಮೊದಲಿನಿಂದಲೂ ಇದೆ. ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ, ಹಳೆಯ ಕೋಟೆಯ ಕಂದಕದಲ್ಲಿಯೂ ಕೋಸು, ಗೆಡ್ಡೆಗಳು ಬೆಳೆದವು. ಇಂಥ ತುಂಡು ತೋಟಗಳ ಸಂಖ್ಯೆ 1939ರಲ್ಲಿ ಸುಮಾರು 8,15,000 ಇದ್ದದ್ದು 1943ರ ವೇಳೆಗೆ 14 ಲಕ್ಷಕ್ಕೆ ಏರಿತು. ಹಿತ್ತಲು ಮತ್ತು ತುಂಡು ತೋಟಗಳಿಂದ ವರ್ಷಕ್ಕೆ 10 ಲಕ್ಷ ಟನ್ನಿಗೂ ಮೀರಿ ತರಕಾರಿ ಬಂದಿತೆಂದು ಅಂದಾಜು.

ಕ್ಯಾರೆಟ್ಟಿನ ಕಟ್ಟುಕಥೆ

ಪ್ರಚಾರದಲ್ಲಿ ಸತ್ಯದ ಜೊತೆ ಸುಳ್ಳೂ ಬೆರೆಯುತ್ತದೆ. ಆಹಾರ ಇಲಾಖೆ ‘ಪೊಟಾಟೊ ಪೀಟ್’, ‘ಡಾಕ್ಟರ್ ಕ್ಯಾರೆಟ್’ ಎಂಬ ತಮಾಷೆಯ ಗೊಂಬೆ ಚಿತ್ರಗಳನ್ನು ಸೃಷ್ಟಿಸಿ, ಹೇರಳವಾಗಿ ಸಿಗುತ್ತಿದ್ದ ಆ ತರಕಾರಿಗಳನ್ನು ಹೆಚ್ಚಾಗಿ ತಿನ್ನುವಂತೆ ಮನೆಯವರನ್ನೂ ಮಕ್ಕಳನ್ನೂ ಹುರಿದುಂಬಿಸಿತು. ಇಷ್ಟರಲ್ಲಿ ತಪ್ಪೇನಿಲ್ಲ. ಆದರೆ ಅದೇ ಕಾಲಕ್ಕೆ ಜಾನ್ ಕನಿಂಗ್‌ಹ್ಯಾಮ್ ಎಂಬ ವೈಮಾನಿಕ ಕತ್ತಲಲ್ಲಿ ಶತ್ರುವಿಮಾನಗಳನ್ನು ಹೊಡೆದುರುಳಿಸಿ ಹೆಸರಾಗಿದ್ದ. ಕ್ಯಾರೆಟ್ ತಿಂದು ಅವನಿಗೆ ಬೆಕ್ಕಿನ ಕಣ್ಣು ಬಂದಿದೆ ಎಂಬ ಕಥೆ ಪತ್ರಿಕೆಗಳಲ್ಲಿ ಹಬ್ಬಿತು. ನಿಜವಾಗಿ ಅವನಿಗೆ ನೆರವಾದದ್ದು ವಿಮಾನದಲ್ಲಿ ಅಳವಡಿಸಿದ್ದ ರಾಡಾರ್ ಯಂತ್ರ. ಅದು ಗುಟ್ಟಾಗಿರಬೇಕಿತ್ತು.

ಜರ್ಮನರು ಈ ಕಥೆಗೆ ಮರುಳಾದರೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬ್ರಿಟನ್ನಿನ ತಾಯಂದಿರು ಮಾತ್ರ ನಂಬಿದರು, ಇಂದಿಗೂ ನಂಬುವವರಿದ್ದಾರೆ. ‘ಎ’ ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುತ್ತದೆ, ಅಂಥವರಿಗೆ ಕ್ಯಾರೆಟ್, ಸೊಪ್ಪು ಮುಂತಾದವುಗಳಿಂದ ಗುಣವಾಗುತ್ತದೆ ಎಂಬುದು ನಿಜ. ಕೊರತೆಯಿಲ್ಲದವರು ಬುಟ್ಟಿ ಕ್ಯಾರೆಟ್ ತಿಂದರೂ ಕತ್ತಲಲ್ಲಿ ಹೆಚ್ಚೇನೂ ಕಾಣದು. ಗುಲಗಂಜಿಯಷ್ಟು ಸತ್ಯಕ್ಕೆ ಗುಡ್ಡದಷ್ಟು ಮಾತು ಸೇರಿದರೆ ಅದು ಯುದ್ಧ ಮುಗಿದ ಮೇಲೂ ಉಳಿಯುತ್ತದೆ.

ಕಾಗದದ ಹಿಂದಿನ ಕೈ

ಹಿತ್ತಲಿನ ತರಕಾರಿಯಿಂದಷ್ಟೇ ದೇಶದ ಹೊಟ್ಟೆ ತುಂಬಲಿಲ್ಲ. ಹೊಟ್ಟೆ ತುಂಬಿಸಿದವರು ದೊಡ್ಡ ಹಿಡುವಳಿಯ ರೈತರು. ದನಕುರಿಗಳಿಗಾಗಿ ಬಿಟ್ಟಿದ್ದ ಸುಮಾರು 60 ಲಕ್ಷ ಎಕರೆ ಹುಲ್ಲುಗಾವಲು ಉಳುಮೆಗೆ ಬಂದಿತು. ಇದು ಭಿತ್ತಿಪತ್ರ ನೋಡಿ ಆದ ಕೆಲಸವಲ್ಲ. ಹಳೆಯ ಹುಲ್ಲುಗಾವಲನ್ನು ಉತ್ತರೆ ಎಕರೆಗೆ 2 ಪೌಂಡ್ ಸಹಾಯಧನ ಕೊಡುವ ಯೋಜನೆ ಯುದ್ಧ ಆರಂಭವಾಗುವ ಮೊದಲೇ, 1939ರಲ್ಲಿ ಜಾರಿಗೆ ಬಂದಿತ್ತು. ಬೆಳೆಗೆ ನಿಗದಿಯಾದ ಬೆಲೆಯ ಭರವಸೆ ದೊರೆಯಿತು. ಟ್ರ್ಯಾಕ್ಟರುಗಳ ಸಂಖ್ಯೆ ಯುದ್ಧ ಮುಗಿಯುವುದರೊಳಗೆ ಮೂರು ಪಟ್ಟಿಗೂ ಮೀರಿ ಹೆಚ್ಚಿತು.

ಕೊಡುವ ಕೈಯಂತೆ ಹಿಡಿಯುವ ಕೈಯೂ ಇತ್ತು. ಜಿಲ್ಲೆಗೊಂದರಂತೆ ಯುದ್ಧಕಾಲದ ಕೃಷಿ ಸಮಿತಿಗಳು ರಚನೆಯಾದವು. ಇಂಥ ಹೊಲ ಉಳಬೇಕು, ಇಂಥ ಬೆಳೆ ಇಡಬೇಕು ಎಂದು ಆಜ್ಞೆ ಮಾಡುವ ಅಧಿಕಾರ ಅವುಗಳಿಗಿತ್ತು. 1941ರಿಂದ 1943ರವರೆಗೆ ನಡೆದ ಸಮೀಕ್ಷೆಯಲ್ಲಿ ರೈತರನ್ನು ಶಾಲಾ ಮಕ್ಕಳಂತೆ ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. ಸರಿಯಾಗಿ ಬೇಸಾಯ ಮಾಡದವನೆಂದು ಸಮಿತಿ ತೀರ್ಮಾನಿಸಿದರೆ ಭೂಮಿಯಿಂದಲೇ ಹೊರಹಾಕಬಹುದಿತ್ತು. ಹ್ಯಾಂಪ್‌ಷೈರ್ ಜಿಲ್ಲೆಯ ಒಬ್ಬ ರೈತ ಕೆಲವು ಎಕರೆ ಹುಲ್ಲುಗಾವಲು ಉಳಲು ಒಪ್ಪಲಿಲ್ಲ. ಹೊಲ ಬಿಟ್ಟು ಹೋಗೆಂದಾಗ ಬಂದೂಕು ಹಿಡಿದು ಮನೆಯೊಳಗೆ ಬಾಗಿಲು ಹಾಕಿಕೊಂಡ. 1940ರ ಜುಲೈ ತಿಂಗಳಲ್ಲಿ ಪೋಲೀಸರ ಗುಂಡಿಗೆ ಬಲಿಯಾದ. ಸಲಿಕೆಯ ಚಿತ್ರದಲ್ಲಿ ಈ ರೈತ ಎಲ್ಲಿಯೂ ಕಾಣುವುದಿಲ್ಲ.

ಹೆಣ್ಣುಮಕ್ಕಳ ಕಥೆಯೂ ಹೀಗೆಯೇ. ಗಂಡಸರು ಯುದ್ಧಕ್ಕೆ ಹೋದಾಗ ಹೊಲದ ಕೆಲಸಕ್ಕೆ ‘ಮಹಿಳಾ ಭೂಸೇನೆ’ ಕಟ್ಟಲಾಯಿತು. ಭಿತ್ತಿಪತ್ರದಲ್ಲಿ ಬಿಸಿಲು, ಹಸಿರು ಉಡುಪು, ಕೈಯಲ್ಲಿ ಕವಲುಗೋಲು ಹಿಡಿದ ನಗುಮುಖದ ಹುಡುಗಿ. ಹೊಲದಲ್ಲಿ ಮಂಜು, ಕೆಸರು, ಗಂಡಾಳಿಗಿಂತ ಕಡಿಮೆ ಕೂಲಿ. ಆದರೂ ಒಂದು ಹಂತದಲ್ಲಿ 80,000ಕ್ಕೂ ಹೆಚ್ಚು ಹೆಣ್ಣುಮಕ್ಕಳು ದುಡಿದರು. ಯುದ್ಧ ಮುಗಿಯುತ್ತ ಬಂದಾಗ ಸೈನ್ಯದ ಸ್ತ್ರೀಯರಿಗೆ ಸಿಕ್ಕ ಇನಾಮು ಹಣ ಇವರಿಗೆ ಸಿಗಲಿಲ್ಲ. ಅವರ ಮುಖ್ಯಸ್ಥೆ ಲೇಡಿ ಡೆನ್ಮನ್ 1945ರಲ್ಲಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಬದುಕಿದ್ದವರಿಗೆ ಸರಕಾರ ಗೌರವದ ಬಿಲ್ಲೆ ಕೊಟ್ಟದ್ದು 2008ರಲ್ಲಿ! ಕರೆಯುವಾಗ ಇದ್ದ ಅವಸರ ಋಣ ತೀರಿಸುವಾಗ ಇರಲಿಲ್ಲ.

ನಮ್ಮ ನೆಲದಲ್ಲಿ ಕೇಳಿದ ಕರೆ

ಅದೇ ಯುದ್ಧ ನಮ್ಮ ದೇಶದ ಬಾಗಿಲಿಗೂ ಬಂದಿತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಸರಕಾರ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನವನ್ನು ಹೂಡಿತು. ಹಿರಿಯರ ಬಾಯಲ್ಲಿ ಈ ಮಾತು ಕೇಳಿದವರು ನಮ್ಮಲ್ಲಿ ಅನೇಕರಿರಬಹುದು. ಮುಂಬಯಿ ಪ್ರಾಂತದಲ್ಲಿ 1944ರಲ್ಲಿ ಆಹಾರ ಬೆಳೆಗಳಿಗೆ ಇಂತಿಷ್ಟು ಭೂಮಿ ಬಿಡಲೇಬೇಕೆಂಬ ಕಾಯಿದೆಯೂ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದವು.

ಘೋಷಣೆ ಬ್ರಿಟನ್ನಿನದನ್ನೇ ಹೋಲುತ್ತಿತ್ತು. ಅದರ ಹಿಂದಿನ ಕೈ ಮಾತ್ರ ಹೋಲಲಿಲ್ಲ. ಬಂಗಾಳದಲ್ಲಿ ಶತ್ರುವಿಗೆ ಸಿಗಬಾರದೆಂದು ಕರಾವಳಿ ಜಿಲ್ಲೆಗಳ ದೋಣಿಗಳನ್ನೂ ಅಕ್ಕಿಯನ್ನೂ ಸರಕಾರವೇ ತೆಗೆಸಿತು. ಬೆಲೆ ಏರಿತು. ಕೂಲಿಕಾರ, ಬೆಸ್ತ, ಗೇಣಿದಾರ ಕೊಳ್ಳಲಾರದೆ ಹಸಿದರು. 1943ರ ಆ ಕ್ಷಾಮದಲ್ಲಿ ಸುಮಾರು 15 ಲಕ್ಷ ಜನ ಸತ್ತರೆಂದು 1945ರಲ್ಲಿ ವರದಿ ಕೊಟ್ಟ ವಿಚಾರಣಾ ಆಯೋಗವೇ ಹೇಳಿತು. ನಂತರದ ವಿದ್ವಾಂಸರ ಅಂದಾಜು 30 ಲಕ್ಷದವರೆಗೆ ಹೋಗುತ್ತದೆ. ಇಷ್ಟಾದರೂ ಬಂಗಾಳದ ಸರಕಾರ ಕ್ಷಾಮವೆಂದು ವಿಧಿಪೂರ್ವಕವಾಗಿ ಸಾರಲಿಲ್ಲ.

ಮುಚ್ಚಿಟ್ಟದ್ದನ್ನು ಬಿಚ್ಚಿಟ್ಟದ್ದೂ ಚಿತ್ರಗಳೇ. ಕಲಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆ 1943ರ ಆಗಸ್ಟ್ 22ರಂದು ಬೀದಿಯಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಅಚ್ಚು ಮಾಡಿತು. ಆಮೇಲೆ ಜಗತ್ತಿಗೆ ಕಣ್ಣು ಮುಚ್ಚಿಕೊಳ್ಳಲಾಗಲಿಲ್ಲ. ಚಿತ್ತಪ್ರಸಾದ್ ಎಂಬ ಕಲಾವಿದ ಮಿದ್ನಾಪುರ ಜಿಲ್ಲೆಯಲ್ಲಿ ತಿರುಗಿ ತಾನು ಕಂಡದ್ದನ್ನು ಮಸಿಯಲ್ಲಿ ಬರೆದು ಪುಸ್ತಕ ಮಾಡಿದ. ಬ್ರಿಟಿಷ್ ಸರಕಾರ ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಒಂದು ಪ್ರತಿ ಮಾತ್ರ ಕುಟುಂಬದವರ ಬಳಿ ಉಳಿಯಿತು. ಬೆಳೆಯಿರಿ ಎಂಬ ಭಿತ್ತಿಪತ್ರಕ್ಕೆ ಗೋಡೆಯಿತ್ತು. ಹಸಿದಿದ್ದೇವೆ ಎಂಬ ಚಿತ್ರಕ್ಕೆ ಬೆಂಕಿಯಿತ್ತು.

ಸ್ವಾತಂತ್ರ್ಯ ಬಂದ ಮೇಲೂ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಮುಂದುವರಿಯಿತು. ಅದನ್ನು ಪರಿಶೀಲಿಸಿದ ವಿ. ಟಿ. ಕೃಷ್ಣಮಾಚಾರಿ ಅವರ ಸಮಿತಿ 1952ರಲ್ಲಿ ವರದಿ ಕೊಟ್ಟಿತು. ಹಳ್ಳಿಯ ಬದುಕನ್ನು ತುಂಡು ತುಂಡಾಗಿ ನೋಡಿದರೆ ಬೆಳೆ ಹೆಚ್ಚದು, ರೈತನ ಬಾಗಿಲಿಗೆ ಹೋಗುವ ಕಾರ್ಯಕರ್ತರು ಬೇಕು ಎಂಬುದು ಅದರ ತಿರುಳು. ಇದರ ಫಲವಾಗಿ 1953ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಿಸ್ತರಣಾ ಸೇವೆ ಆರಂಭವಾಯಿತು. ಗ್ರಾಮಸೇವಕರೆಂಬ ಹೆಸರು ನಮ್ಮ ಹಳ್ಳಿಗಳಲ್ಲಿ ಮನೆಮಾತಾದದ್ದು ಆ ಕಾಲದಲ್ಲಿಯೇ.

ಜವಾನನ ಜೊತೆಗೆ ಕಿಸಾನ

ಪಾಕಿಸ್ತಾನದೊಡನೆ 1965ರಲ್ಲಿ ಯುದ್ಧವಾದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ‘ಜೈ ಜವಾನ್, ಜೈ ಕಿಸಾನ್’ ಎಂದರು. ಆ ಮಾತು ಗೋಡೆಯಿಂದ ಗೋಡೆಗೆ, ಲಾರಿಯಿಂದ ಲಾರಿಗೆ ಹರಡಿತು. ‘ನೀವು’, ‘ನಾವು’ ಎಂಬ ಭೇದ ಅದರಲ್ಲಿರಲಿಲ್ಲ. ಗಡಿ ಕಾಯುವವನ ಪಕ್ಕದಲ್ಲೇ ಹೊಲ ಕಾಯುವವನನ್ನು ಅದು ನಿಲ್ಲಿಸಿತು. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿದ ಶಾಸ್ತ್ರಿಯವರು ಮೊದಲು ತಮ್ಮ ಮನೆಯಲ್ಲೇ ಅದನ್ನು ನಡೆಸಿದರು.

ಆದರೂ ಆ ಮಾತಿನಿಂದಷ್ಟೇ ಕಣಜ ತುಂಬಲಿಲ್ಲ. 1965ರ ಜನವರಿಯಲ್ಲಿಯೇ ಭಾರತ ಆಹಾರ ನಿಗಮವೂ, ಬೆಳೆಗಳ ಬೆಲೆ ಸೂಚಿಸುವ ಕೃಷಿ ಬೆಲೆ ಆಯೋಗವೂ ಸ್ಥಾಪನೆಯಾಗಿದ್ದವು. ಸಿ. ಸುಬ್ರಹ್ಮಣ್ಯಂ ಅವರು ಆಹಾರ ಮಂತ್ರಿಗಳಾಗಿದ್ದಾಗ, 1966ರಲ್ಲಿ, ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ಬಂದಿತು. ನೀರು, ಗೊಬ್ಬರ, ಸಾಲ, ಬೆಲೆ ಎಲ್ಲ ಒಟ್ಟುಗೂಡಿದ ಕಡೆ ಫಲ ಕಂಡಿತು. 1964-65ರಲ್ಲಿ ಸುಮಾರು 1.23 ಕೋಟಿ ಟನ್ ಇದ್ದ ಗೋಧಿ 1967-68ರಲ್ಲಿ 1.65 ಕೋಟಿ ಟನ್ನಿಗೆ ಏರಿತು. ನೀರಾವರಿ ಇಲ್ಲದ ಕಡೆ ರೈತ ಅದೇ ಘೋಷಣೆಯನ್ನು ಕೇಳಿದ. ಬೆಳೆ ಮಾತ್ರ ಮಳೆಯನ್ನೇ ಕಾಯಿತು.

ಭಿತ್ತಿಪತ್ರ ಓದುವ ಬಗೆ

ಬಿತ್ತನೆ ಬೀಜವನ್ನು ಅಂಗೈಯಲ್ಲಿಟ್ಟು ಪರೀಕ್ಷಿಸುವಂತೆ ಭಿತ್ತಿಪತ್ರವನ್ನೂ ಪರೀಕ್ಷಿಸಬೇಕು. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು.

ಒಂದು, ನಾನು ಮಾಡಬಹುದಾದ ಕೆಲಸವನ್ನು ಅದು ಸ್ಪಷ್ಟವಾಗಿ ಹೇಳುತ್ತದೆಯೆ, ಅಥವಾ ಬರೀ ಹುರುಪು ತುಂಬುತ್ತದೆಯೆ? ಎರಡೂವರೆ ಗುಂಟೆಯ ನಕ್ಷೆಯನ್ನು ನೆನೆಯಿರಿ.

ಎರಡು, ಅದರ ಹಿಂದೆ ಬೀಜ, ನೀರು, ಸಾಲ, ಬೆಲೆ ಇವೆಯೆ? ಎಕರೆಗೆ 2 ಪೌಂಡನ್ನು ನೆನೆಯಿರಿ.

ಮೂರು, ಕಷ್ಟ ಯಾರಿಗೆ, ಲಾಭ ಯಾರಿಗೆ? ‘ನಿಮ್ಮ’ ಮತ್ತು ‘ನಮಗೆ’ ಎಂಬ ಎರಡು ಮಾತುಗಳನ್ನು ನೆನೆಯಿರಿ.

ನಾಲ್ಕು, ಚಿತ್ರದಲ್ಲಿ ಯಾರು ಕಾಣುತ್ತಿಲ್ಲ? ಹ್ಯಾಂಪ್‌ಷೈರಿನ ರೈತನನ್ನೂ ಬಂಗಾಳದ ಬೆಸ್ತನನ್ನೂ ನೆನೆಯಿರಿ.

ಈಗ ಭಿತ್ತಿಪತ್ರ ಗೋಡೆಯಿಂದ ಇಳಿದು ನಮ್ಮ ಅಂಗೈಯ ಮೊಬೈಲಿಗೂ ಬಂದಿದೆ. ಬೀಜ ಮಾರುವವರೂ, ಔಷಧ ಮಾರುವವರೂ, ಮತ ಕೇಳುವವರೂ ಅದೇ ನಗುಮುಖದ ರೈತನನ್ನು ತೋರಿಸುತ್ತಾರೆ. ನಾಲ್ಕಕ್ಕೂ ನೇರ ಉತ್ತರ ಸಿಕ್ಕರೆ ಸಲಿಕೆ ಎತ್ತಬಹುದು. ಸಿಗದಿದ್ದರೆ ಓದುವ ಮನೆಯ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರೊಡನೆ ವಿಚಾರ ಮಾಡಿ, ಆಮೇಲೆ ಹೊಲಕ್ಕೆ ಹೋಗುವುದು ಲೇಸು.